ಕಲ್ಲು ಕಡಲಿಗೆ, ಲೆಕ್ಕ ಇಂಗ್ಲಿಷಿನಲ್ಲಿ!

ಉಳ್ಳಾಲದ ಕಡಲಿಗೆ ಕಲ್ಲು ಸುರಿಯುವುದು ಮಳೆಗಾಲದ ಜಾತ್ರೆ. ಮನೆಯ ಗೋಡೆ ಕಡಲಿಗೆ ಬಿದ್ದ ಮೇಲೆ ಮಂತ್ರಿಗಳು ಬರುತ್ತಾರೆ, ಫೋಟೋ ಆಗುತ್ತದೆ, ಟಿಪ್ಪರುಗಳು ಸಾಲುಗಟ್ಟುತ್ತವೆ. ಮರಳಿನ ಮೇಲೆ ಬಂಡೆ ಬೀಳುತ್ತದೆ. ಮುಂದಿನ ಆಟಿ ತಿಂಗಳು ಬರುವಷ್ಟರಲ್ಲಿ ಅದೂ ಕಡಲ ಪಾಲು. ಮತ್ತೆ ಟೆಂಡರ್!

ಬೆಂಗಳೂರಿನಿಂದ ಪಣಂಬೂರಿಗೆ ಹೋಗಿ ಸೂರ್ಯಾಸ್ತ ನೋಡಿ ಬರುವ ಗೆಳೆಯರೇ, ಈ ಕಲ್ಲಿನ ಲೆಕ್ಕವನ್ನೂ ಸ್ವಲ್ಪ ಕೇಳಿ.

ಇಳಿಜಾರು ಮರಳಿನ ಮೇಲೆ ಏರಿ ಬಂದ ಅಲೆ ಸುಸ್ತಾಗಿ ಹಿಂದಿರುಗುತ್ತದೆ. ಗೋಡೆಗೆ ಬಡಿದ ಅಲೆ ಹಾಗಲ್ಲ. ಬಂದ ಸಿಟ್ಟಿನಲ್ಲೇ ತಿರುಗಿ ಗೋಡೆಯ ಬುಡದ ಮರಳನ್ನು ಕೆರೆದೊಯ್ಯುತ್ತದೆ. ಬುಡ ಟೊಳ್ಳಾದರೆ ಬಂಡೆ ಕುಸಿಯದೆ ಇನ್ನೇನು? ಗೋಡೆ ಮುಗಿದಲ್ಲಿ ಕೊರೆತ ಇನ್ನೂ ಜೋರು. ಪಕ್ಕದ ಮನೆಯವರ ಹಿತ್ತಲಿಗೆ ಸಂಚಕಾರ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲನ್ನೇ ನೋಡಿ. ದೋಣಿಗಳಿಗೆ ದಾರಿ ಬೇಕೆಂದು ಎರಡೂ ಬದಿ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ದಂಡೆಯುದ್ದಕ್ಕೂ ಸರಿಯುವ ಮರಳಿಗೆ ಅಡ್ಡಗೋಡೆ ಬಿತ್ತು. ಬಡಗಣ ಬೆಂಗ್ರೆಯಲ್ಲಿ ಮರಳು ಕೂಡಿತು, ತೆಂಕಣ ಉಳ್ಳಾಲ ಕರಗಿತು.

ಆಮೇಲೆ ಬಂತು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ. 2010ರಲ್ಲಿ ಒಪ್ಪಿಗೆಯಾದ ಯೋಜನೆಯಲ್ಲಿ ಉಳ್ಳಾಲಕ್ಕೆ ಕಡಲೊಳಗೆ ಎರಡು ಕೃತಕ ದಿಬ್ಬ, ಬ್ರೇಕ್‌ವಾಟರ್ ದುರಸ್ತಿ. ಅಲೆಯ ಸೊಕ್ಕನ್ನು ದಡ ಮುಟ್ಟುವ ಮೊದಲೇ ಮುರಿಯುವ ಉಪಾಯ. ಬರೀ ಬಂಡೆ ಸುರಿಯುವುದಕ್ಕಿಂತ ವಾಸಿ, ಒಪ್ಪೋಣ. ಆದರೆ ಕೊರೆತ ತೆಂಕಕ್ಕೆ ಜಾರಿ ಸೋಮೇಶ್ವರ, ಉಚ್ಚಿಲವನ್ನು ಹಿಡಿದಿದೆ ಎಂದು ಅಲ್ಲಿನ ಜನ ದೂರುತ್ತಾರೆ. ಅದರಾಚೆ ತಲಪಾಡಿ, ಮಂಜೇಶ್ವರ. ಮಂಜೇಶ್ವರ ನಮ್ಮ ಕೈತಪ್ಪಿದ್ದು ಬೇರೆಯೇ ಕತೆ. ಮರಳಿಗಂತೂ ಮಹಾಜನ್ ವರದಿ ಗೊತ್ತಿಲ್ಲ.

ಈಗ ನಮ್ಮ ಪ್ರಶ್ನೆ. ಅಲೆಯ ಎತ್ತರ, ಮರಳು ಸರಿಯುವ ದಿಕ್ಕು, ಪಕ್ಕದ ಊರಿಗೆ ಆಗಬಹುದಾದ ಹಾನಿ, ಇವೆಲ್ಲ ಬರೆದಿಟ್ಟ ದಪ್ಪ ದಪ್ಪ ವರದಿಗಳು ಯಾವ ಭಾಷೆಯಲ್ಲಿವೆ? ಇಂಗ್ಲಿಷಿನಲ್ಲಿ! ಮನೆಯಲ್ಲಿ ತುಳು, ಬ್ಯಾರಿ ಆಡುವ ಈ ಕಡಲ ಮಕ್ಕಳು ಓದುವುದು ಕನ್ನಡ. ಮರಳು ಯಾವ ಕಾಲದಲ್ಲಿ ಎತ್ತ ಹೋಗುತ್ತದೆಂದು ಅಜ್ಜನ ಕಾಲದಿಂದ ಬಲ್ಲವರು. ಓದಲಾಗದ ವರದಿಯನ್ನು ಅವರು ತಪ್ಪೆನ್ನುವುದು ಹೇಗೆ? ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ ಸ್ವಾಮಿ, ಮನೆ ಉಳಿಯುವ ಮಾತು. 2006ರ ಪರಿಸರ ಪರಿಣಾಮ ಅಧಿಸೂಚನೆಯೂ ಸಾರ್ವಜನಿಕ ವಿಚಾರಣೆಗೆ ಸ್ಥಳೀಯ ಭಾಷೆಯಲ್ಲಿ ಕೇಳುವುದು ಸಾರಾಂಶವನ್ನು ಮಾತ್ರ. ಊಟ ಅವರಿಗೆ, ಎಲೆ ನಮಗೆ! 2020ರಲ್ಲಿ ಹೊಸ ಕರಡನ್ನು ಇಂಗ್ಲಿಷ್, ಹಿಂದಿಯಲ್ಲಿ ಹೊರಡಿಸಿ ದೆಹಲಿ ಕೈತೊಳೆದುಕೊಂಡಾಗ, ಅಂತಿಮ ಅಧಿಸೂಚನೆಗೆ ನಮ್ಮ ಹೈಕೋರ್ಟೇ ತಾತ್ಕಾಲಿಕ ತಡೆ ಕೊಡಬೇಕಾಯಿತು.

ಕಲ್ಲೇ ಬೇಡ ಎಂದು ನಾವು ಹೇಳುತ್ತಿಲ್ಲ. ಅಲೆ ಅಡುಗೆಮನೆಗೆ ನುಗ್ಗಿದವರ ಮುಂದೆ ಹಾಗೆ ಹೇಳುವ ಎದೆ ಯಾರಿಗಿದೆ? ಎಲ್ಲಿ, ಎಷ್ಟು ಕಲ್ಲು, ಅದರಿಂದ ಕೆಡುವ ಊರು ಯಾವುದು, ಅಲ್ಲಿಯವರಿಗೆ ಪರಿಹಾರವೇನು? ಈ ಪೂರ್ತಿ ವರದಿ ಟೆಂಡರಿಗೆ ಮೊದಲೇ ಕನ್ನಡದಲ್ಲಿ ಆ ಊರಿಗೆ ಬರಲಿ. ಕೊಡುವುದಿಲ್ಲ ಎಂದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಕನ್ನಡದಲ್ಲೇ ಬರೆಯಬಹುದು. ಶುಲ್ಕ 10 ರೂಪಾಯಿ.