ಕೋಶ ಹೋಳಾಗಲು ‘ರೈಟ್’ ಹೇಳುವವರು ಯಾರು?

1970ರ ದಶಕದ ಒಂದು ಶುಕ್ರವಾರ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪಾಲ್ ನರ್ಸ್ ಎಂಬ ಯುವ ವಿಜ್ಞಾನಿ ಯೀಸ್ಟ್ ಬೆಳೆಸಿದ ತಟ್ಟೆಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಅದರಲ್ಲಿ ಅವರಿಗೆ ಬೇಕಾದ ಯೀಸ್ಟ್ ಇತ್ತೇನೋ ನಿಜ, ಆದರೆ ಬೂಷ್ಟಿನಿಂದ ಬಿಡಿಸಿ ತೆಗೆಯುವುದು ತಲೆನೋವಿನ ಕೆಲಸ. ವಾರದ ಕೊನೆ ಬೇರೆ. ತಟ್ಟೆಯನ್ನು ಕಸದ ಬುಟ್ಟಿಗೆ ಎಸೆದು ಮನೆಗೆ ಹೋದರು. ಮನಸ್ಸು ಕೇಳಲಿಲ್ಲ. ಕತ್ತಲಲ್ಲಿ, ಮಳೆಯಲ್ಲಿ ಸೈಕಲ್ ತುಳಿದು ವಾಪಸು ಬಂದು ಬುಟ್ಟಿಗೆ ಕೈ ಹಾಕಿದರು.

ಅವರು ಹುಡುಕುತ್ತಿದ್ದುದು ಕುಳ್ಳ ಯೀಸ್ಟ್‌ಗಳನ್ನು. ಪೂರ್ವ ಆಫ್ರಿಕದ ಬಿಯರ್‌ನಲ್ಲಿ ಮೊದಲು ಸಿಕ್ಕ ಈ ಯೀಸ್ಟಿಗೆ ‘ಪೊಂಬೆ’ ಎಂಬ ಹೆಸರಿದೆ. ಸ್ವಾಹಿಲಿ ಭಾಷೆಯಲ್ಲಿ ಪೊಂಬೆ ಎಂದರೆ ಬಿಯರ್. ಪುಟ್ಟ ಕಡ್ಡಿಯಂತಿರುವ ಇದರ ಕೋಶ ಸುಮಾರು 14 ಮೈಕ್ರಾನ್ ಉದ್ದ ಬೆಳೆದು ನಡುವೆ ಎರಡಾಗುತ್ತದೆ. ಕೆಲವು ಮಾತ್ರ ಅಷ್ಟು ಬೆಳೆಯುವ ಮೊದಲೇ ಹೋಳಾಗಿಬಿಡುತ್ತವೆ. ಅವು ಕುಳ್ಳಾಗಿರುವುದು ಪೋಷಣೆ ಸಾಲದೆ ಅಲ್ಲ, ವಿಭಜನೆಯ ಅವಸರಕ್ಕೆ. ಸ್ಕಾಟ್ ಜನ ಚಿಕ್ಕದಕ್ಕೆಲ್ಲ ‘ವೀ’ ಎನ್ನುತ್ತಾರಾದ್ದರಿಂದ ಈ ಕುಳ್ಳರಿಗೂ ಅದೇ ಹೆಸರಾಯಿತು.

ಸಿಕ್ಕ ಐವತ್ತರಷ್ಟು ಕುಳ್ಳರಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರ ದೋಷ ‘ವೀ1’ ಎಂಬ ಒಂದೇ ಜೀನಿನಲ್ಲಿತ್ತು. ಅದು ಬ್ರೇಕ್ ಇದ್ದಂತೆ. ಕೆಟ್ಟರೆ ಕೋಶ ಬೇಗ ಒಡೆಯುತ್ತದೆ. ಆ ಒಂದು ಬೇರೆಯದು ಇದ್ದದ್ದು ಕಸದ ಬುಟ್ಟಿಯಿಂದ ಎತ್ತಿಕೊಂಡ ತಟ್ಟೆಯಲ್ಲಿ. ಅದರ ದೋಷ ‘ಸಿಡಿಸಿ2’ ಎಂಬ ಜೀನಿನಲ್ಲಿತ್ತು. ವಿಚಿತ್ರವೆಂದರೆ, ಈ ಜೀನ್ ಕೆಟ್ಟರೆ ಕೋಶ ಒಡೆಯುವುದೇ ಇಲ್ಲ ಎಂಬುದು ಮೊದಲೇ ಗೊತ್ತಿತ್ತು. ಒಂದು ಬಗೆಯಲ್ಲಿ ಕೆಟ್ಟರೆ ವಿಭಜನೆ ಬಂದ್, ಇನ್ನೊಂದು ಬಗೆಯಲ್ಲಿ ಬದಲಾದರೆ ವಿಭಜನೆಗೆ ಅವಸರ! ಹಾಗಿದ್ದರೆ ಚುಕ್ಕಾಣಿ ಇರುವುದು ಇದರ ಕೈಯಲ್ಲೇ ಎಂದಾಯಿತಲ್ಲ. ಅಮೆರಿಕದ ಲೀ ಹಾರ್ಟ್‌ವೆಲ್ ಬ್ರೆಡ್ಡಿನ ಯೀಸ್ಟಿನಲ್ಲಿ ಇದರ ಜೋಡಿಯಂಥ ಜೀನನ್ನು ಗುರುತಿಸಿದ್ದರು.

ಈ ಚುಕ್ಕಾಣಿಗಾರ ಮಾಡುವುದಾದರೂ ಏನನ್ನು? ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವುದನ್ನು. ಫಾಸ್ಫೇಟ್ ಎಂದೊಡನೆ ರೈತರಿಗೆ ಗೊಬ್ಬರದ ಚೀಲ ನೆನಪಾಗುತ್ತದೆ. ಇಲ್ಲಿ ಅದು ಒಂದು ರಂಜಕದ ಪರಮಾಣು, ಸುತ್ತ ಆಮ್ಲಜನಕ, ಮೇಲೊಂದಿಷ್ಟು ಋಣ ವಿದ್ಯುದಂಶ, ಅಷ್ಟೇ. ಅದು ಮೈಗೆ ಅಂಟಿದೊಡನೆ ಪ್ರೋಟೀನ್ ಮಗ್ಗುಲು ಬದಲಿಸುತ್ತದೆ. ಮಲಗಿದ್ದದ್ದು ಏಳಬಹುದು, ಎದ್ದಿದ್ದದ್ದು ಮಲಗಬಹುದು. ಅಂಟಿಸುವ ಕಿಣ್ವಕ್ಕೆ ಕೈನೇಸ್, ಕಿತ್ತುಹಾಕುವ ಕಿಣ್ವಕ್ಕೆ ಫಾಸ್ಫಟೇಸ್ ಎಂದು ಹೆಸರು. ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಮೊಲದ ಸ್ನಾಯುವಿನಲ್ಲಿ ಈ ಅಂಟು-ಬಿಡಿಸು ಆಟವನ್ನು ಕಂಡದ್ದು 1955ರ ಸುಮಾರಿಗೆ. ನೊಬೆಲ್ ಸಮಿತಿ ಅವರತ್ತ ಕಣ್ಣು ಹಾಯಿಸಿದ್ದು 1992ರಲ್ಲಿ. ಮನುಷ್ಯನಲ್ಲಿ ಇಂಥ ಕೈನೇಸ್‌ಗಳ ಜೀನುಗಳೇ ಸುಮಾರು 500 ಇವೆ.

ಸಿಡಿಸಿ2 ಕೂಡ ಒಂದು ಕೈನೇಸ್. ಆದರೆ ಒಂಟಿಯಾಗಿ ಕೆಲಸಕ್ಕೆ ಬಾರದು, ಅದಕ್ಕೊಂದು ಜೊತೆ ಬೇಕು. ಆ ಜೊತೆಗಾರನನ್ನು 1982ರಲ್ಲಿ ಟಿಮ್ ಹಂಟ್ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಕಂಡರು. ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳಿನ ಕಡಲಜೀವಿಯ ಮೊಟ್ಟೆಗಳಲ್ಲಿ ಒಂದು ಪ್ರೋಟೀನ್ ಮೆಲ್ಲಗೆ ಜಮೆಯಾಗುತ್ತ ಹೋಗಿ, ಕೋಶ ಒಡೆಯುವ ಹೊತ್ತಿಗೆ ಥಟ್ಟನೆ ಮಾಯವಾಗುತ್ತಿತ್ತು. ಅದೇ ಸೈಕ್ಲಿನ್. ನರ್ಸ್, ಹಾರ್ಟ್‌ವೆಲ್, ಹಂಟ್ ಮೂವರೂ 2001ರ ನೊಬೆಲ್ ಹಂಚಿಕೊಂಡರು.

ಸೈಕ್ಲಿನ್ ಬಂದು ಕೂತಿತು ಎಂದರೆ ಬಸ್ಸಿನ ಎಂಜಿನ್ ಚಾಲೂ ಆದಂತೆ. ಆದರೆ ಕಂಡಕ್ಟರ್ ‘ರೈಟ್’ ಎನ್ನದೆ ಬಸ್ಸು ಹೊರಡುವಂತಿಲ್ಲ. ಇಲ್ಲಿ ಕಂಡಕ್ಟರುಗಳು ಇಬ್ಬರು. ವೀ1 ‘ಹೋಲ್ಡಾನ್’ ಎನ್ನುವವ. ಅವನು ಸಿಡಿಸಿ2 ಪ್ರೋಟೀನಿನ 15ನೇ ಕೊಂಡಿಯಾದ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸಿ ಕಟ್ಟಿಹಾಕುತ್ತಾನೆ. ಅದನ್ನು ಕಿತ್ತೆಸೆದು ‘ರೈಟ್’ ಹೇಳುವವ ಸಿಡಿಸಿ25. ಇವನಿಲ್ಲದ ಯೀಸ್ಟ್ ಒಡೆಯಲಾರದೆ ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ. 1989ರಲ್ಲಿ ಕ್ಯಾಥ್ಲೀನ್ ಗೂಲ್ಡ್ ಮತ್ತು ನರ್ಸ್ ಆ 15ನೇ ಕೊಂಡಿಯನ್ನೇ ಬದಲಿಸಿ, ಫಾಸ್ಫೇಟ್ ಅಂಟಲು ಜಾಗವೇ ಇಲ್ಲದಂತೆ ಮಾಡಿದರು. ಕೋಶಗಳು ಹೊತ್ತಿಗೆ ಮುಂಚೆಯೇ ಒಡೆದವು.

ಒಮ್ಮೆ ಬಿಡುಗಡೆಯಾದ ಸಿಡಿಸಿ2 ಮೊದಲು ಮಾಡುವ ಕೆಲಸಗಳಲ್ಲೊಂದು ವೀ1ಗೇ ಫಾಸ್ಫೇಟ್ ಅಂಟಿಸಿ ಬಾಯಿ ಮುಚ್ಚಿಸುವುದು. ಸಿಡಿಸಿ25ಗೆ ಅಂಟಿಸಿ ಹುರುಪು ತುಂಬುವುದು. ಹಾಗಾಗಿ ಅರೆಬರೆ ಹೊರಡುವ ಮಾತಿಲ್ಲ. ಕೋಶಕೇಂದ್ರದ ಪೊರೆಗೆ ಆಧಾರವಾದ ಎಳೆಗಳು ಫಾಸ್ಫೇಟ್ ತಗುಲಿ ಕಳಚಿಕೊಳ್ಳುತ್ತವೆ, ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಳ್ಳುತ್ತವೆ. ಕೊನೆಗೆ ಸೈಕ್ಲಿನ್ ನಾಶವಾಗಿ ಎಂಜಿನ್ ಆರುತ್ತದೆ.

ಯೀಸ್ಟಿನ ಈ ಕಥೆ ನಮಗೇಕೆ ಎನ್ನುವವರಿಗೆ 1987ರಲ್ಲಿ ಉತ್ತರ ಸಿಕ್ಕಿತು. ಮೆಲನಿ ಲೀ ಮತ್ತು ನರ್ಸ್, ಸಿಡಿಸಿ2 ಕೆಟ್ಟು ಸಾಯಲಿದ್ದ ಯೀಸ್ಟಿಗೆ ಮನುಷ್ಯರ ಜೀನುಗಳನ್ನು ಸುರಿದು ನೋಡಿದರು. ಒಂದು ಜೀನ್ ಹೊಕ್ಕ ಯೀಸ್ಟ್ ಬದುಕಿಕೊಂಡಿತು, ಸರಾಗವಾಗಿ ಒಡೆಯತೊಡಗಿತು. ನೂರು ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾದ ಎರಡು ವಂಶಗಳಲ್ಲಿ ಒಂದೇ ಬಿಡಿಭಾಗ!

ನಮ್ಮ ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಇದೆ. ಅದರ ನಕಲು ಮುಗಿಯುವ ಮೊದಲೇ ಅಥವಾ ಎಳೆ ತುಂಡಾಗಿರುವಾಗಲೇ ಕೋಶ ಒಡೆದರೆ ಮರಿಕೋಶಗಳಿಗೆ ಹರಕು ಪಾಲು ಸಿಗುತ್ತದೆ. ಹಾಗಾಗದಿರಲು ಇನ್ನೊಂದು ಕೈನೇಸ್ ಬಂದು ಸಿಡಿಸಿ25ಗೇ ಫಾಸ್ಫೇಟ್ ಅಂಟಿಸಿ ಸುಮ್ಮನಾಗಿಸುತ್ತದೆ. ರಿಪೇರಿ ಮುಗಿಯುವ ತನಕ ಬಸ್ಸು ನಿಂತೇ ಇರಬೇಕು. ಕ್ಯಾನ್ಸರ್ ಕೋಶಗಳಲ್ಲಿ ಹಲವು ಸಲ ಹದಗೆಡುವುದು ಇಂಥ ಕಾವಲುಗಳೇ.

ಮಕ್ಕಳ ಕಣ್ಣಿನ ಗೆಡ್ಡೆಯಿಂದ ಹೆಸರು ಪಡೆದ ರೆಟಿನೋಬ್ಲಾಸ್ಟೋಮಾ ಪ್ರೋಟೀನ್ ಅಂಥದೊಂದು ಕಾವಲು. ಇದು ನಿಂತಿರುವುದು ಇನ್ನೂ ಹಿಂದಿನ ಬಾಗಿಲಲ್ಲಿ, ಡಿಎನ್‌ಎ ನಕಲು ಶುರುವಾಗುವ ಮುನ್ನ. ಸಿಡಿಸಿ2ರ ದಾಯಾದಿಗಳಾದ ಎರಡು ಕೈನೇಸ್‌ಗಳು ಫಾಸ್ಫೇಟ್ ಅಂಟಿಸಿದರೆ ಈ ಕಾವಲುಗಾರ ಪಕ್ಕಕ್ಕೆ ಸರಿಯುತ್ತಾನೆ. ಆ ಎರಡರ ಕೈ ಕಟ್ಟುವ ಪಾಲ್ಬೋಸಿಕ್ಲಿಬ್ ಎಂಬ ಮಾತ್ರೆಗೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ಅನುಮತಿ ಸಿಕ್ಕಿತು. ತೊಂದರೆಯೆಂದರೆ, ಬಿಳಿ ರಕ್ತಕಣ ತಯಾರಿಸುವ ಮೂಳೆಮಜ್ಜೆಯ ಕೋಶಗಳಿಗೂ ಬೇಕಾದದ್ದು ಅದೇ ಕೈನೇಸ್‌ಗಳು. ಮಾತ್ರೆ ನುಂಗುತ್ತಿದ್ದಂತೆ ಅವೂ ಸ್ತಬ್ಧವಾಗಿ ರಕ್ತದಲ್ಲಿ ಬಿಳಿ ಕಣಗಳು ಇಳಿಯುತ್ತವೆ. ಆದ್ದರಿಂದಲೇ ವೈದ್ಯರು ಮೂರು ವಾರ ಮಾತ್ರೆ ಕೊಟ್ಟು ಒಂದು ವಾರ ನಿಲ್ಲಿಸುತ್ತಾರೆ. ಆ ಏಳು ದಿನ ಮಜ್ಜೆಯ ಕೋಶಗಳು ಮತ್ತೆ ಒಡೆದು ಕಣಗಳ ಲೆಕ್ಕ ಸರಿದೂಗಿಸಿಕೊಳ್ಳಬೇಕು.