ಹಳೆಯ ಪ್ರೊಸೆಸರಿಗೆ ಹೊಸ ಕಾರ್ಡು

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ವಿಡಿಯೊ ಗೇಮಿನ ಸಲುವಾಗಿಯೇ ಯಂತ್ರ ಕಟ್ಟಿಸಿಕೊಳ್ಳಲು ಬರುವ ತರುಣರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇಂಥ ಪ್ರೊಸೆಸರಿಗೆ ಎಂಥ ಗ್ರಾಫಿಕ್ಸ್ ಕಾರ್ಡು ಸರಿಹೋಗುತ್ತದೆ ಎಂಬುದು. ಪ್ರಶ್ನೆ ಸಹಜವಾದದ್ದೇ, ಆದರೆ ಎರಡು ವಸ್ತುಗಳ ಹೆಸರು ಹೇಳಿದೊಡನೆಯೇ ಅವುಗಳ ಹೊಂದಾಣಿಕೆಯನ್ನು ತೂಗಿ ನಿರ್ಣಯಿಸಿಬಿಡಬಹುದೆಂಬ ಒಂದು ಭ್ರಾಂತಿ ಅದರೊಳಗೆ ಅಡಗಿರುತ್ತದೆ. ಈ ಭ್ರಾಂತಿಯನ್ನು ಪೋಷಿಸುವ ಸಾಧನಗಳಿಗೂ ಕೊರತೆಯಿಲ್ಲ: ಪ್ರೊಸೆಸರಿನ ಹೆಸರನ್ನೂ ಕಾರ್ಡಿನ ಹೆಸರನ್ನೂ ತುಂಬಿದರೆ ಸಾಕು, ನಿಮ್ಮ ಜೋಡಿಯಲ್ಲಿ ಶೇಕಡಾ ಇಷ್ಟು ಬಾಟಲ್‌ನೆಕ್, ಎಂದರೆ ಒಂದು ಇನ್ನೊಂದನ್ನು ತಡೆಹಿಡಿಯುವುದು, ಇದೆಯೆಂದು ದಶಾಂಶಸಹಿತವಾಗಿ ತೀರ್ಪುಕೊಡುವ ಜಾಲತಾಣಗಳಿವೆ. ಯಾವ ಗೇಮು, ಎಷ್ಟು ದೊಡ್ಡ ಚಿತ್ರ, ಎಂಥ ಮಾನಿಟರು ಎಂಬುದನ್ನು ಸರಿಯಾಗಿ ವಿಚಾರಿಸದೆ ಕೊಡುವ ಈ ಅಂಕಿಗೆ ನಾನು ಕಿಂಚಿತ್ತೂ ಬೆಲೆ ಕೊಡಲಾರೆ.

ಒಂದು ಚಿತ್ರ ಪರದೆಯ ಮೇಲೆ ಮೂಡುವುದಕ್ಕೆ ಮುಂಚೆ ನಡೆಯತಕ್ಕ ಕೆಲಸ ಎರಡು ಬಗೆಯದು. ಆಟಗಾರನು ಒತ್ತಿದ ಕೀಲಿ ಯಾವುದು, ಶತ್ರು ಯಾವ ಕಡೆಗೆ ಹೆಜ್ಜೆಯಿಡಬೇಕು, ಹಾರಿದ ಗುಂಡು ಗೋಡೆಗೆ ತಾಗಿತೋ ಇಲ್ಲವೋ, ಈ ಕ್ಷಣದಲ್ಲಿ ಕಣ್ಣಿಗೆ ಬೀಳಬೇಕಾದ ವಸ್ತುಗಳು ಯಾವುವು ಎಂಬುದನ್ನೆಲ್ಲ ನಿಶ್ಚಯಿಸಿ, ಅವನ್ನು ಚಿತ್ರಿಸೆಂದು ಆಜ್ಞಾಪಿಸುವುದು ಪ್ರೊಸೆಸರಿನ ಪಾಲು. ಆ ಆಜ್ಞೆಗಳನ್ನು ಹೊತ್ತು, ಆಕೃತಿಗಳನ್ನು ರಚಿಸಿ, ಒಂದೊಂದು ಪಿಕ್ಸೆಲ್ಲಿಗೂ ಬಣ್ಣ ಬೆಳಕು ನೆರಳುಗಳನ್ನು ಕೂಡಿಸುವುದು ಕಾರ್ಡಿನ ಪಾಲು. ಈ ಶ್ರಮವಿಭಾಗ ಅನಾದಿಯಲ್ಲ. 1999ರಲ್ಲಿ ಎನ್‌ವಿಡಿಯಾ ಸಂಸ್ಥೆ ಜಿಫೋರ್ಸ್ 256 ಎಂಬ ಕಾರ್ಡನ್ನು ತರುವವರೆಗೆ, ಮನೆಬಳಕೆಯ ಯಂತ್ರಗಳಲ್ಲಿ ಮೂರು ಆಯಾಮದ ಆಕೃತಿಗಳ ಸ್ಥಾನವನ್ನು ಗುಣಿಸಿ ತಿಳಿಯುವ ಭಾರವೂ ಬಹುಮಟ್ಟಿಗೆ ಪ್ರೊಸೆಸರಿನ ಮೇಲೆಯೇ ಇದ್ದಿತು. ಹಬ್ಬದ ಮುಂಜಾನೆ ಅಂಗಳದಲ್ಲಿ ಒಬ್ಬಳು ಚುಕ್ಕಿಯಿಡುತ್ತ ಮುಂದೆ ಸಾಗಿದಂತೆ ಇನ್ನೊಬ್ಬಳು ಅವಳ ಹಿಂದೆಯೇ ಎಳೆ ಕೂಡಿಸಿ ಬಣ್ಣ ತುಂಬುತ್ತ ಬರುವಂಥ ಏರ್ಪಾಡು ಇದು. ಚುಕ್ಕಿಯವಳು ತಡಮಾಡಿದರೆ ಬಣ್ಣದವಳು ಬಟ್ಟಲು ಹಿಡಿದು ಸುಮ್ಮನೆ ಕುಳಿತಿರಬೇಕು. ಬಣ್ಣದವಳು ತಡಮಾಡಿದರೆ ಚುಕ್ಕಿಯವಳು ಕಾಯಬೇಕು. ಚುಕ್ಕಿಗಳ ಸಂಖ್ಯೆ ಅಷ್ಟೇ ಇದ್ದು ರಂಗೋಲಿಯ ಹರಹು ಮಾತ್ರ ನಾಲ್ಕು ಪಟ್ಟಾದರೆ ಹೊರೆ ಯಾರ ಮೇಲೆ ಬೀಳುವುದೆಂದು ಹೇಳಬೇಕಾದುದಿಲ್ಲ. ಸಾಧಾರಣವಾದ 1080ಪಿ ಪರದೆಯಲ್ಲಿ 20,73,600 ಪಿಕ್ಸೆಲ್ಲುಗಳಿದ್ದರೆ 4ಕೆ ಪರದೆಯಲ್ಲಿ 82,94,400 ಇರುತ್ತವೆ. ಶತ್ರುವಿನ ಹೆಜ್ಜೆಯ ಲೆಕ್ಕ ಎರಡರಲ್ಲಿಯೂ ಒಂದೇ. ಹೆಚ್ಚುವುದು ಕಾರ್ಡಿನ ದುಡಿಮೆ.

ಒಂದು ಫ್ರೇಮನ್ನು, ಎಂದರೆ ಪರದೆಯ ಒಂದು ಪೂರ್ಣ ಚಿತ್ರವನ್ನು, ಅಣಿಗೊಳಿಸಲು ಪ್ರೊಸೆಸರಿಗೆ 8 ಮಿಲಿಸೆಕೆಂಡು, ಕಾರ್ಡಿಗೆ 12 ಮಿಲಿಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಕಾರ್ಡು ಈ ಫ್ರೇಮಿನಲ್ಲಿ ತೊಡಗಿರುವಾಗಲೇ ಪ್ರೊಸೆಸರು ಮುಂದಿನದಕ್ಕೆ ಕೈಹಾಕಿರುವುದರಿಂದ ಈ ಎರಡು ಕಾಲಗಳನ್ನು ಕೂಡಿಸುವ ಕಾರಣವಿಲ್ಲ. ನಿಧಾನವಾದುದರ ವೇಗವೇ ಒಟ್ಟಿನ ವೇಗವಾಗಿ, ಸೆಕೆಂಡಿಗೆ ಸುಮಾರು 83 ಫ್ರೇಮುಗಳು ದೊರೆಯುತ್ತವೆ. ಈಗ ಯಂತ್ರದ ಒಡೆಯನು ದೊಡ್ಡ ಮೊತ್ತವನ್ನು ವ್ಯಯಮಾಡಿ, ಅದೇ ಕೆಲಸವನ್ನು 6 ಮಿಲಿಸೆಕೆಂಡಿನಲ್ಲಿ ಮುಗಿಸುವ, ಎಂದರೆ ಇಮ್ಮಡಿ ವೇಗದ ಕಾರ್ಡೊಂದನ್ನು ತಂದು ಕೂರಿಸಿದನೆನ್ನಿ. ಆತನು ನಿರೀಕ್ಷಿಸುವುದು 166. ಪಡೆಯುವುದು 125, ಏಕೆಂದರೆ ಅಷ್ಟರಲ್ಲಿ ಪ್ರೊಸೆಸರಿನ 8 ಮಿಲಿಸೆಕೆಂಡು ಅಡ್ಡವಾಗಿ ನಿಂತಿರುತ್ತದೆ. ಅವನ ಮುಂದಿರುವ ಮಾನಿಟರು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವಂಥದಾದರೆ, ಕೈಗೆ ಆಟ ತುಸು ಚುರುಕೆನಿಸಿದರೂ, 83ಕ್ಕೂ 125ಕ್ಕೂ ಇರುವ ವ್ಯತ್ಯಾಸ ಅವನ ಕಣ್ಣಿಗೆ ಬೀಳುವುದು ಅತ್ಯಲ್ಪ. ಜೋಡಿಯ ವಿಚಾರದಲ್ಲಿ ಮಾನಿಟರೆಂಬ ಈ ಮೂರನೆಯ ಪಕ್ಷವನ್ನು ಯಾರೂ ಮಾತಿಗೆ ಕರೆಯುವುದೇ ಇಲ್ಲ.

ನಾಲ್ಕನೆಯ ಪಕ್ಷ ಗೇಮು. ಸೈಬರ್‌ಪಂಕ್ 2077ರಲ್ಲಿ, 2023ರಲ್ಲಿ ಸೇರಿಸಿದ ಪಾತ್ ಟ್ರೇಸಿಂಗ್ ಎಂಬ ಬೆಳಕಿನ ವಿಧಾನವನ್ನು ತೆರೆದರೆ ಅತ್ಯಂತ ಬಲಿಷ್ಠವಾದ ಕಾರ್ಡೂ ಏದುಸಿರು ಬಿಡುತ್ತದೆ. ಪ್ರೊಸೆಸರಿಗೆ ಆಗ ಬಹುಮಟ್ಟಿಗೆ ವಿರಾಮ. 2015ರ ಸಿಟೀಸ್: ಸ್ಕೈಲೈನ್ಸ್ ಗೇಮಿನಲ್ಲಿ ನೀವು ಕಟ್ಟಿದ ನಗರದ ಜನಸಂಖ್ಯೆ ಏರುತ್ತ ಹೋದಂತೆ, ಒಬ್ಬೊಬ್ಬ ನಾಗರಿಕನ ದಾರಿಯನ್ನೂ ಒಂದೊಂದು ವಾಹನದ ಸರದಿಯನ್ನೂ ಎಣಿಸಬೇಕಾಗುವುದರಿಂದ ಪ್ರೊಸೆಸರು ಕುಸಿಯುತ್ತದೆ, ಎಷ್ಟು ದುಬಾರಿಯ ಕಾರ್ಡೂ ಅಲ್ಲಿ ಸಹಾಯಕ್ಕೆ ಬಾರದು. ಕೌಂಟರ್-ಸ್ಟ್ರೈಕ್ 2ರಂಥ ಸ್ಪರ್ಧೆಯ ಗೇಮುಗಳನ್ನು ಆಡುವವರು ಚಿತ್ರದ ಸೊಗಸನ್ನು ಬೇಕೆಂದೇ ಇಳಿಸಿ, 240 ಹರ್ಟ್ಸ್ ಮಾನಿಟರಿನ ಮುಂದೆ ಕುಳಿತು, ಒಂದು ಫ್ರೇಮು 4 ಮಿಲಿಸೆಕೆಂಡಿಗೆ ಮುಗಿಯಲೆಂದು ಅಪೇಕ್ಷಿಸುತ್ತಾರೆ. ಅವರ ಪ್ರಶ್ನೆ ಬಹುಮಟ್ಟಿಗೆ ಪ್ರೊಸೆಸರಿನ ಪ್ರಶ್ನೆಯೇ. ಒಂದೇ ಜೋಡಿ ಮೂರು ಗೇಮುಗಳಲ್ಲಿ ಮೂರು ಬಗೆಯಾಗಿ ನಡೆದುಕೊಳ್ಳುವಾಗ ಶೇಕಡಾ ಲೆಕ್ಕ ಯಾವುದಕ್ಕೆ ಸಲ್ಲುತ್ತದೆ?

ತನ್ನ ಯಂತ್ರದಲ್ಲಿ ಹಿಂದೆಬಿದ್ದಿರುವುದು ಯಾವುದೆಂದು ತಿಳಿಯುವುದಕ್ಕೆ ಬೇರೆಯವರ ಲೆಕ್ಕದ ಅಗತ್ಯವೂ ಇಲ್ಲ. ಗೇಮಿನಲ್ಲಿ ಜನಜಂಗುಳಿಯಿರುವ ಒಂದು ಸ್ಥಳದಲ್ಲಿ ನಿಂತು, ಫ್ರೇಮುಗಳ ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ತೋರಿಸಿಕೊಂಡು, ಸೆಟ್ಟಿಂಗ್ಸಿಗೆ ಹೋಗಿ ರೆಸಲ್ಯೂಶನ್ನನ್ನು ಒಂದೆರಡು ಮೆಟ್ಟಿಲು ಕೆಳಗಿಳಿಸಿದರೆ ಸಾಕು. ಸಂಖ್ಯೆ ಜಿಗಿದರೆ ಕಾರ್ಡು ಹಿಂದೆಬಿದ್ದಿತ್ತೆಂದು ಅರ್ಥ. ಚಿತ್ರ ಮಸುಕಾದರೂ ಸಂಖ್ಯೆ ಇದ್ದಲ್ಲಿಯೇ ಇದ್ದರೆ ದೋಷ ಪ್ರೊಸೆಸರಿನ ಕಡೆಯದು. ಇಲ್ಲೊಂದು ಮೋಸವುಂಟು. ಎಂಟು ಕೋರುಗಳ ಪ್ರೊಸೆಸರು ಶೇಕಡಾ 30ರಷ್ಟು ಮಾತ್ರ ದುಡಿಯುತ್ತಿದೆಯೆಂದು ಟಾಸ್ಕ್ ಮ್ಯಾನೇಜರ್ ತೋರಿಸುತ್ತಿರುವಾಗಲೂ, ಗೇಮಿನ ಮುಖ್ಯ ಸೂತ್ರವನ್ನು ಹಿಡಿದ ಒಂದೇ ಒಂದು ಕೋರು ಪೂರ್ಣವಾಗಿ ಬಳಲಿರಬಹುದು. ಮಿಕ್ಕವು ಕೈಕಟ್ಟಿ ನಿಂತಿರುವುದರಿಂದ ಸರಾಸರಿ ಹಿತವಾಗಿ ಕಾಣುತ್ತದೆ. ಆದುದರಿಂದ ನೋಡತಕ್ಕದ್ದು ಕಾರ್ಡಿನ ಬಳಕೆಯ ಅಂಕಿ. ಅದು ಶೇಕಡಾ 97, 98ರಲ್ಲಿ ನಿಂತಿದ್ದರೆ ಕಾರ್ಡು ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿದೆ. ಫ್ರೇಮಿಗೆ ಯಾವ ಮಿತಿಯನ್ನೂ ಹಾಕದಿದ್ದಾಗಲೂ ಶೇಕಡಾ 60ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಅದು ಯಾವುದಕ್ಕೋ ಕಾಯುತ್ತಿದೆ.

ಬಳಲುವ ಪ್ರೊಸೆಸರಿಗೆ ಕೋರುಗಳ ಸಂಖ್ಯೆಯೊಂದೇ ಮದ್ದಲ್ಲ ಎಂಬುದಕ್ಕೆ 2022ರ ಏಪ್ರಿಲಿನಲ್ಲಿ ಬಂದ ಎಎಂಡಿ ಸಂಸ್ಥೆಯ ರೈಜೆನ್ 7 5800ಎಕ್ಸ್3ಡಿ ಒಳ್ಳೆಯ ನಿದರ್ಶನ. ಅದರ ಹಿಂದಿನ 5800ಎಕ್ಸಿಗಿಂತ ಅದರ ಗಡಿಯಾರದ ವೇಗ ಕಡಿಮೆ, ಕೋರುಗಳು ಅಷ್ಟೇ ಎಂಟು. ಆದರೆ ಪ್ರೊಸೆಸರಿನೊಳಗೇ ಇರುವ ಕ್ಯಾಶೆ ಸ್ಮೃತಿಯನ್ನು 32 ಮೆಗಾಬೈಟಿನಿಂದ 96ಕ್ಕೆ ಏರಿಸಿದ್ದರಿಂದ, ಮಾಹಿತಿಗಾಗಿ ದೂರದ ರ‍್ಯಾಮಿನವರೆಗೆ ಹೋಗಿ ಕಾಯುವುದು ತಗ್ಗಿ, ಅನೇಕ ಗೇಮುಗಳಲ್ಲಿ ಅದು ಮುಂದೆ ಹೋಯಿತು. 2017ರಲ್ಲಿ ಕೊಂಡ ಎಷ್ಟೋ ಮದರ್‌ಬೋರ್ಡುಗಳಲ್ಲಿಯೇ, ಬಯಾಸ್ ತಂತ್ರಾಂಶವನ್ನು ನವೀಕರಿಸಿದರೆ, ಅದನ್ನು ಕೂರಿಸಬಹುದಾಗಿತ್ತು. ಹೊಸ ಕಾರ್ಡಿನ ಹಂಬಲದಲ್ಲಿದ್ದ ಎಷ್ಟೋ ಮಂದಿಗೆ ನಿಜವಾಗಿ ಬೇಕಾಗಿದ್ದುದು ಇದು.

ಇಷ್ಟಾಗಿಯೂ ಕೊಳ್ಳುವವರು ದಾರಿತಪ್ಪುವುದಕ್ಕೆ ಅವರೊಬ್ಬರನ್ನೇ ದೂರಲಾಗದು. ಕಾರ್ಡುಗಳನ್ನು ವಿಮರ್ಶಿಸುವವರು ಅವುಗಳನ್ನು ಸಾಮಾನ್ಯವಾಗಿ ಆಯಾ ಕಾಲದ ಅತ್ಯಂತ ವೇಗದ ಪ್ರೊಸೆಸರಿನೊಡನೆ ಪರೀಕ್ಷಿಸುತ್ತಾರೆ. ಕಾರ್ಡಿನ ಗುಣವನ್ನು ಮಾತ್ರ ಬೇರ್ಪಡಿಸಿ ಅಳೆಯಬೇಕಾದರೆ ಇದೇ ಯೋಗ್ಯವಾದ ಕ್ರಮವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ 2024ರ ಡಿಸೆಂಬರಿನಲ್ಲಿ ಇಂಟೆಲ್ ಸಂಸ್ಥೆ 249 ಡಾಲರಿಗೆ ಬಿಡುಗಡೆಮಾಡಿದ ಆರ್ಕ್ ಬಿ580 ಈ ಕ್ರಮದ ಕೊರತೆಯನ್ನು ಬಯಲಿಗೆಳೆಯಿತು. ಮಿತವ್ಯಯಿಗಳ ಕಾರ್ಡೆಂದು ಹೊಗಳಿಸಿಕೊಂಡು, ಉನ್ನತ ಪ್ರೊಸೆಸರುಗಳೊಡನೆ ನಡೆದ ಪರೀಕ್ಷೆಗಳಲ್ಲಿ ತನಗಿಂತ ದುಬಾರಿಯಾದ ಆರ್‌ಟಿಎಕ್ಸ್ 4060ನ್ನು ಸರಿಗಟ್ಟಿಯೂ ಮೀರಿಯೂ ಬಂದ ಆ ಕಾರ್ಡು, ಮರುತಿಂಗಳು ಕೆಲವು ವಿಮರ್ಶಕರು ಅದನ್ನು ರೈಜೆನ್ 5 2600ರಂಥ ಹಳೆಯ ಪ್ರೊಸೆಸರುಗಳೊಡನೆ ಕೂಡಿಸಿ ನೋಡಿದಾಗ, ಹಲವು ಗೇಮುಗಳಲ್ಲಿ ಅದೇ 4060ಕ್ಕಿಂತ ಹಿಂದೆ ಉಳಿಯಿತು. ಗೇಮಿನ ಆಜ್ಞೆಗಳನ್ನು ಕಾರ್ಡಿಗೆ ತಿಳಿಯುವಂತೆ ಮಾಡಿಕೊಡುವ ಡ್ರೈವರ್ ತಂತ್ರಾಂಶವು ಪ್ರೊಸೆಸರಿನ ಮೇಲೆಯೇ ಓಡತಕ್ಕದ್ದು. ಇಂಟೆಲಿನ ಡ್ರೈವರು ಆ ಕೆಲಸಕ್ಕೆ ಪ್ರೊಸೆಸರಿನಿಂದ ಹೆಚ್ಚು ಶ್ರಮವನ್ನು ಬೇಡುತ್ತಿತ್ತು, ಬಲಿಷ್ಠ ಪ್ರೊಸೆಸರು ಅದನ್ನು ಲೆಕ್ಕಿಸದೆ ಹೊತ್ತಿತು, ಬಡ ಪ್ರೊಸೆಸರು ಬಾಗಿತು. ಯಾರಿಗಾಗಿ ಈ ಕಾರ್ಡು ಅಗ್ಗವಾಗಿತ್ತೋ ಅವರ ಮನೆಯಲ್ಲಿಯೇ ಅದು ಸೋತಿತು!

ಅಗ್ಗದ ಕಾರ್ಡು ಹಳೆಯ ಯಂತ್ರದಲ್ಲಿ ಸೋತದ್ದು ಇದು ಮೊದಲ ಸಲವೂ ಅಲ್ಲ. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡಿನೊಡನೆ ಮಾತನಾಡಲು ನಾಲ್ಕೇ ಹಾದಿಗಳುಳ್ಳದ್ದಾಗಿತ್ತು. ಹೊಸ ಬೋರ್ಡಿನ ಪಿಸಿಐಇ 4.0 ಸಂಪರ್ಕದಲ್ಲಿ ಅದು ಹೇಗೋ ನಡೆಯುತ್ತಿತ್ತು, ಹಳೆಯ 3.0 ಬೋರ್ಡಿನಲ್ಲಿ ಹಾದಿಯ ಧಾರಣಶಕ್ತಿ ಅರ್ಧಕ್ಕಿಳಿದು, ಕಾರ್ಡಿನ 4 ಗಿಗಾಬೈಟ್ ಸ್ಮೃತಿ ತುಂಬಿದೊಡನೆ ಆಟ ಮುಗ್ಗರಿಸುತ್ತಿತ್ತು. ಇನ್ನೂರು ಡಾಲರಿನ ಕಾರ್ಡನ್ನು ಹಳೆಯ ಯಂತ್ರಕ್ಕಲ್ಲದೆ ಮತ್ತೆ ಯಾವುದಕ್ಕೆ ಕೊಳ್ಳುತ್ತಾರೆಂದು ಅದನ್ನು ರೂಪಿಸಿದವರು ಎಣಿಸಿದ್ದರೋ ಕಾಣೆ.

ವಿಮರ್ಶಕರ ಮುಂದಿಡಬೇಕಾದ ಬೇಡಿಕೆ ದೊಡ್ಡದಲ್ಲ. ಸಾವಿರಾರು ಡಾಲರಿನ ಕಾರ್ಡುಗಳನ್ನು ಅವರು ತಮಗೆ ಇಷ್ಟವಾದ ಪ್ರೊಸೆಸರಿನೊಡನೆ ಪರೀಕ್ಷಿಸಲಿ. ಅವನ್ನು ಕೊಳ್ಳುವವನ ಪ್ರೊಸೆಸರೂ ಅಂಥದೇ ಇದ್ದೀತು. ಆದರೆ ಅಗ್ಗದ ಕಾರ್ಡೆಂದು ಕರೆಯಿಸಿಕೊಳ್ಳುವ ಪ್ರತಿಯೊಂದನ್ನೂ, ಐದಾರು ವರ್ಷ ಹಿಂದಿನ ಒಂದು ಸಾಧಾರಣ ಪ್ರೊಸೆಸರಿನೊಡನೆ ಕೂಡಿಸಿ, ಸರಾಸರಿಯ ಜೊತೆಗೆ ಅತಿ ನಿಧಾನವಾದ ಶೇಕಡಾ ಒಂದು ಪಾಲು ಫ್ರೇಮುಗಳ ವೇಗವನ್ನೂ ಪ್ರಕಟಿಸಲಿ. ಕಣ್ಣಿಗೆ ಚುಚ್ಚುವ ತೊಡಕು ಸರಾಸರಿಯಲ್ಲಿ ಅಡಗಿಹೋಗಿ ಇಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರೊಸೆಸರುಗಳ ಸಂಖ್ಯೆ ಹೆಚ್ಚಿದಂತೆ ಪರೀಕ್ಷೆಯ ಶ್ರಮ ಅಷ್ಟು ಮಡಿ ಬೆಳೆಯುತ್ತದೆ, ಡ್ರೈವರು ಬದಲಾದಾಗಲೆಲ್ಲ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ ಎಂಬ ಅವರ ಆಕ್ಷೇಪ ನ್ಯಾಯವಾದದ್ದು. ಆದರೆ ಬಿ580ರ ದೋಷವನ್ನು ಹೊರಗೆಡಹಲು ಕೆಲವೇ ಹಳೆಯ ಪ್ರೊಸೆಸರುಗಳೂ ಬೆರಳೆಣಿಕೆಯ ಗೇಮುಗಳೂ ಸಾಕಾದವು. ಆ ಪರೀಕ್ಷೆ ನಡೆದದ್ದು ಮಾತ್ರ ಮೊದಲ ಕಂತಿನ ಕಾರ್ಡುಗಳು ಗಿರಾಕಿಗಳ ಕೈಸೇರಿದ ಮೇಲೆ.