ಅನುತ್ತೀರ್ಣನಾದ ಮಗ ಮೊದಲು ಯಾರಿಗೆ ಹೇಳಬೇಕು?

ಸಿಇಟಿ ಸೀಟು ಹಂಚಿಕೆಯ ಪಟ್ಟಿ ಹೊರಬಿದ್ದ ವಾರ ನಮ್ಮ ಮೊಹಲ್ಲಾಗಳಲ್ಲಿ ಒಂದು ಸಂಭ್ರಮವಿರುತ್ತದೆ. ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಜನರು ತಂದೆಯ ಕೈ ಕುಲುಕುತ್ತಾರೆ. ಜಮಾಅತ್‌ನ ವಾಟ್ಸಾಪ್ ಗುಂಪಿನಲ್ಲಿ ಹುಡುಗನ ಭಾವಚಿತ್ರದ ಕೆಳಗೆ 'ಮಾಶಾ ಅಲ್ಲಾಹ್'ಗಳ ಸಾಲು ಬೆಳೆಯುತ್ತದೆ. ಹತ್ತನೇ ತರಗತಿ ಮುಗಿಸಿ ಗಲ್ಫ್ ವೀಸಾಕ್ಕೆ ಕಾಯುತ್ತಿದ್ದ ಮನೆಗಳಿಂದ ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೊರಡುತ್ತಿರುವುದು ಸಣ್ಣ ಸಂಗತಿಯಲ್ಲ. ಭಟ್ಕಳದ ಅಂಜುಮನ್, ರಾಮನಗರದ ಘೌಸಿಯಾ, ವಿಜಯಪುರದ ಸೆಕ್ಯಾಬ್, ಮಂಗಳೂರಿನ ಪಿ.ಎ. ಕಾಲೇಜುಗಳಂತಹ ಸಂಸ್ಥೆಗಳನ್ನು ಕಟ್ಟಿದ ಹಿರಿಯರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ.

ಆದರೆ ಅದೇ ಹುಡುಗನ ಮೊದಲ ಸೆಮಿಸ್ಟರ್‌ನ ಫಲಿತಾಂಶ ಬಂದ ದಿನ ಆ ಗುಂಪಿನಲ್ಲಿ ಯಾವ ಸದ್ದೂ ಇರುವುದಿಲ್ಲ. ಮನೆಯಲ್ಲಿಯೂ ಇರುವುದಿಲ್ಲ. ಈ ಮೌನದ ಬಗ್ಗೆ ನಾವು ಮಾತನಾಡಬೇಕಾಗಿದೆ.

ನಮಗೆ ಹತ್ತಿರದ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ಪಿಯುಸಿಯಲ್ಲಿ ತೊಂಬತ್ತರ ಆಸುಪಾಸು ಅಂಕ ಪಡೆದ ಹುಡುಗ ದೂರದ ನಗರದ ಕಾಲೇಜೊಂದಕ್ಕೆ ಸೇರಿದ. ಮೊದಲ ಸೆಮಿಸ್ಟರ್‌ನ ಗಣಿತದಲ್ಲಿಯೂ ಪ್ರೋಗ್ರಾಮಿಂಗ್‌ನಲ್ಲಿಯೂ ಅನುತ್ತೀರ್ಣನಾದ. ತಾಯಿ ಕೇಳಿದಾಗ 'ರಿಸಲ್ಟ್ ಇನ್ನೂ ಬಂದಿಲ್ಲ' ಎಂದ. ಒಂದು ತಿಂಗಳ ಬಳಿಕ 'ಪಾಸಾಗಿದೆ' ಎಂದ. ಎರಡನೇ ಸೆಮಿಸ್ಟರ್‌ನಲ್ಲಿ ಬಾಕಿ ವಿಷಯಗಳು ನಾಲ್ಕಾದವು. ಆಗಲೂ ಅದೇ ಉತ್ತರ. ಈದ್‌ಗೆ ಬಂದವನು ಎರಡೇ ದಿನದಲ್ಲಿ 'ಲ್ಯಾಬ್ ಇದೆ' ಎಂದು ಹೊರಟುಹೋದ. ಮೂರನೇ ಸೆಮಿಸ್ಟರ್‌ನ ನಡುವೆ, ಅದೇ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ನೆಂಟರ ಹುಡುಗನೊಬ್ಬ ಏನೂ ಕೆಡುಕೆಣಿಸದೆ ಆತನ ನೋಂದಣಿ ಸಂಖ್ಯೆಯನ್ನು ಫಲಿತಾಂಶದ ಪುಟದಲ್ಲಿ ಹಾಕಿ ನೋಡಿದ. ಅಂದು ರಾತ್ರಿ ಆ ಮನೆಯಲ್ಲಿ ಅಡುಗೆಯಾಗಲಿಲ್ಲ. ತಂದೆ ಹೇಳಿದ ಒಂದು ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ: ನಾಲ್ಕು ವಿಷಯ ಹೋದುದಕ್ಕಲ್ಲ, ಒಂದೂವರೆ ವರ್ಷ ನಾನು ಯಾರೊಂದಿಗೆ ಮಾತನಾಡುತ್ತಿದ್ದೆ ಎಂಬುದೇ ನನಗೆ ತಿಳಿಯುತ್ತಿಲ್ಲ.

ಆ ಹುಡುಗ ಸೋಮಾರಿಯಲ್ಲ, ಕೆಟ್ಟ ಸಹವಾಸಕ್ಕೆ ಬಿದ್ದವನೂ ಅಲ್ಲ. ಮೊದಲ ವರ್ಷದ ಎಂಜಿನಿಯರಿಂಗ್ ಏನೆಂಬುದು ಹೆತ್ತವರಿಗೆ ತಿಳಿದಿದ್ದರೆ ಅರ್ಧ ಕೋಪ ಅಲ್ಲಿಯೇ ಇಳಿಯುತ್ತಿತ್ತು. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷವನ್ನು ಫಿಸಿಕ್ಸ್ ಸೈಕಲ್ ಮತ್ತು ಕೆಮಿಸ್ಟ್ರಿ ಸೈಕಲ್ ಎಂದು ಎರಡಾಗಿ ವಿಂಗಡಿಸಲಾಗಿದೆ. ಕಂಪ್ಯೂಟರ್ ಸೈನ್ಸ್ ಸೇರಿದವನೂ ಎಂಜಿನಿಯರಿಂಗ್ ಡ್ರಾಯಿಂಗ್ ಬಿಡಿಸಬೇಕು. ಓರೆಯಾಗಿ ನಿಂತ ಷಟ್ಕೋನ ಪಿರಮಿಡ್ಡು ಮೇಲಿನಿಂದ ಹೇಗೆ ಕಾಣುತ್ತದೆ, ಎದುರಿನಿಂದ ಹೇಗೆ ಕಾಣುತ್ತದೆ ಎಂದು ಮನಸ್ಸಿನಲ್ಲಿಯೇ ತಿರುಗಿಸಿ ನೋಡಬೇಕು. ಪಿಯುಸಿಯಲ್ಲಿ ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಮುಂದಿಟ್ಟು ಒಂದನ್ನು ಆರಿಸು ಎಂದು ತರಬೇತಿ ಕೊಟ್ಟ ಮನಸ್ಸಿಗೆ ಇಲ್ಲಿ ಯಾರೂ ನಾಲ್ಕು ಉತ್ತರ ಕೊಡುವುದಿಲ್ಲ. ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50 ಅಂಕ. ಎರಡರಲ್ಲಿಯೂ ಪ್ರತ್ಯೇಕ ಕನಿಷ್ಠವಿದೆ, ಒಟ್ಟು ಸೇರಿ 40 ದಾಟಬೇಕು. ಶೇಕಡಾ 85ರಷ್ಟು ಹಾಜರಾತಿ ಬೇಕು. ಬಾಕಿ ವಿಷಯಗಳು ಮಿತಿ ಮೀರಿದರೆ ವಿದ್ಯಾರ್ಥಿಗಳು 'ಇಯರ್ ಬ್ಯಾಕ್' ಎಂದು ಕರೆಯುವ ಸ್ಥಿತಿ, ಅಂದರೆ ಒಂದು ವರ್ಷದ ನಷ್ಟ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಹುಡುಗನಿಗೆ ಇದೆಲ್ಲದರ ಮೇಲೆ ಭಾಷೆಯ ಗೋಡೆ. ಆತನಿಗೆ ಪಾಠ ಅರ್ಥವಾಗದೆ ಇರುವುದಲ್ಲ. ಅರ್ಥವಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಲು ಬಾರದು. ಹಾಗಾಗಿ ಹಿಂದಿನ ಬೆಂಚು.

ಒಂದೆರಡು ವಿಷಯಗಳು ಬಾಕಿಯುಳಿಯುವುದು ಅಸಾಮಾನ್ಯವಲ್ಲ, ಮುಂದಿನ ಪರೀಕ್ಷೆಯಲ್ಲಿ ಅದನ್ನು ಬರೆದು ಮುಗಿಸಲು ದಾರಿಯಿದೆ. ಇದನ್ನು ಪ್ರತಿ ಹಿರಿಯ ವಿದ್ಯಾರ್ಥಿಯೂ ಬಲ್ಲ, ಮನೆಯವರು ಮಾತ್ರ ಅರಿಯರು.

ಹಾಗಾದರೆ ಹುಡುಗ ಏಕೆ ಸುಳ್ಳು ಹೇಳುತ್ತಾನೆ? ನಮ್ಮ ಅಭಿಪ್ರಾಯದಲ್ಲಿ ಇದರ ಬೇರು ಬಹುಮಟ್ಟಿಗೆ ನಮ್ಮಲ್ಲಿದೆ. ಬಡ್ಡಿಯಿಂದ ದೂರವಿರಬೇಕೆಂಬ ಎಚ್ಚರದಿಂದ ಅನೇಕ ಕುಟುಂಬಗಳು ಬ್ಯಾಂಕಿನ ಶಿಕ್ಷಣ ಸಾಲದ ಕಡೆಗೆ ನೋಡುವುದಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯ ಮಾಹಿತಿ ಎಲ್ಲರಿಗೂ ಸಕಾಲದಲ್ಲಿ ತಲುಪುವುದಿಲ್ಲ. ಆಗ ತಾಯಿಯ ಬಳೆಗಳು ಹೋಗುತ್ತವೆ, ಅಕ್ಕನ ಮದುವೆಗೆಂದು ಕೂಡಿಟ್ಟದ್ದು ಹೋಗುತ್ತದೆ, ತಂದೆ ಜುಬೈಲ್‌ನಲ್ಲಿಯೋ ದಮ್ಮಾಮ್‌ನಲ್ಲಿಯೋ ಇನ್ನೆರಡು ವರ್ಷ ಉಳಿಯುತ್ತಾನೆ. ಇದು ದೊಡ್ಡ ತ್ಯಾಗ, ಸಂಶಯವಿಲ್ಲ. ಆದರೆ ಆ ತ್ಯಾಗವನ್ನು ನಾವು ಪ್ರತಿ ಕರೆಯಲ್ಲಿಯೂ ನೆನಪಿಸುತ್ತೇವೆ. 'ನಿನಗಾಗಿ ಬಳೆ ಮಾರಿದ್ದೇವೆ' ಎಂಬ ಮಾತನ್ನು ಹತ್ತು ಬಾರಿ ಕೇಳಿದ ಮಗ ಹನ್ನೊಂದನೇ ಬಾರಿ ತನ್ನ ಸೋಲನ್ನು ಯಾವ ಬಾಯಿಂದ ಹೇಳಬೇಕು? ಆತ ಹೇಳುವ ಸುಳ್ಳಿನಲ್ಲಿ ಪ್ರೀತಿಯೂ ಇದೆ. ಅದೇ ಅದನ್ನು ಹೆಚ್ಚು ಅಪಾಯಕಾರಿಯಾಗಿಸುತ್ತದೆ.

ಇಂತಹ ಸಂದರ್ಭದಲ್ಲಿ ನಮಗೆ ನೆನಪಾಗುವುದು ಹಝ್ರತ್ ಕಅಬ್ ಬಿನ್ ಮಾಲಿಕ್(ರ)ರ ಪ್ರಸಂಗ. ನಮ್ಮ ಖುತ್ಬಾಗಳಲ್ಲಿ ಇದನ್ನು ಬಹಳಷ್ಟು ಬಾರಿ ಕೇಳಿದ್ದೇವೆ, ಆದರೆ ವಿದ್ಯಾರ್ಥಿಯ ಕಣ್ಣಿನಿಂದ ಓದಿಲ್ಲ. ಹಿಜರಿ 9ರ ತಬೂಕ್ ಯಾತ್ರೆ. ಸುಡುಬಿಸಿಲು, ಹಣ್ಣುಗಳು ಮಾಗುವ ಕಾಲ. ಕಅಬ್(ರ)ರಿಗೆ ಆರೋಗ್ಯವಿತ್ತು, ಅನುಕೂಲವಿತ್ತು, ವಾಹನವಿತ್ತು. ಸಿದ್ಧತೆ ಮಾಡಬೇಕೆಂದು ಪ್ರತಿದಿನ ಬೆಳಿಗ್ಗೆ ಹೊರಡುವರು. ಏನೂ ಮಾಡದೆ ಮರಳುವರು. ನಾಳೆ ಮಾಡಿದರಾಯಿತು, ಹೇಗೂ ಸಾಧ್ಯವಿದೆ ಎಂದುಕೊಳ್ಳುವರು. ಹಾಗೆಯೇ ದಿನಗಳು ಕಳೆದು ಸೈನ್ಯ ಹೊರಟೇಹೋಯಿತು. ಈಗಲೂ ಹೋಗಿ ಸೇರಿಕೊಳ್ಳಬಹುದು ಎಂದುಕೊಂಡರು, ಅದೂ ಆಗಲಿಲ್ಲ. ಮೊದಲ ಸೆಮಿಸ್ಟರ್‌ನ ಒಬ್ಬ ವಿದ್ಯಾರ್ಥಿಗೆ ಇದನ್ನು ಓದಿ ಹೇಳಿ ನೋಡಿ, ಆತ ತಲೆ ತಗ್ಗಿಸುತ್ತಾನೆ.

ಪ್ರವಾದಿವರ್ಯರು(ಸ) ಮರಳಿ ಬಂದಾಗ ಯಾತ್ರೆಗೆ ಹೋಗದೆ ಉಳಿದಿದ್ದ ಎಂಬತ್ತಕ್ಕೂ ಹೆಚ್ಚು ಮಂದಿ ಒಬ್ಬೊಬ್ಬರಾಗಿ ನೆಪಗಳನ್ನು ಹೇಳಿದರು. ಪ್ರವಾದಿ(ಸ) ಅವುಗಳನ್ನು ಕೇಳಿ, ಅವರ ಅಂತರಂಗವನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್(ರ) ಮಾತಿನಲ್ಲಿ ಚತುರರಾಗಿದ್ದ ಕವಿ. ಒಂದು ನೆಪ ಹೆಣೆಯುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ತಮಗೆ ಯಾವ ಕಾರಣವೂ ಇರಲಿಲ್ಲವೆಂದು ನೇರವಾಗಿ ಒಪ್ಪಿಕೊಂಡರು. ಹೊರಬಂದಾಗ ಅವರ ಕುಲದವರೇ ಹಿಂಬಾಲಿಸಿ, ನೀನೂ ಒಂದು ನೆಪ ಹೇಳಬಹುದಿತ್ತಲ್ಲ ಎಂದು ಗದರಿದರು. ಹಿಂತಿರುಗಿ ಹೋಗಿ ಮಾತು ಬದಲಿಸುವ ಯೋಚನೆಯೂ ಅವರಿಗೆ ಒಂದು ಕ್ಷಣ ಬಂತು. ಹಾಸ್ಟೆಲ್ ಕೋಣೆಯಲ್ಲಿ 'ಮನೆಗೆ ಯಾಕೋ ಹೇಳ್ತೀಯಾ, ಮುಂದಿನ ಸಲ ಕ್ಲಿಯರ್ ಮಾಡಿದ್ರಾಯ್ತು' ಎನ್ನುವ ಗೆಳೆಯರ ಧ್ವನಿ ಇದಕ್ಕಿಂತ ಬೇರೆಯೇ?

ಸತ್ಯ ಹೇಳಿದ ಮಾತ್ರಕ್ಕೆ ಕಅಬ್(ರ)ರಿಗೆ ಎಲ್ಲವೂ ಸುಗಮವಾಗಲಿಲ್ಲ. ಐವತ್ತು ದಿನ ಯಾರೂ ಅವರೊಂದಿಗೆ ಮಾತನಾಡಲಿಲ್ಲ, ಭೂಮಿಯೇ ಇಕ್ಕಟ್ಟಾಯಿತು. ಆದರೆ ಪಶ್ಚಾತ್ತಾಪ ಸ್ವೀಕೃತವಾದ ಸುದ್ದಿ ಬಂದ ದಿನ ಮಸೀದಿಯಲ್ಲಿ ಹಝ್ರತ್ ತಲ್ಹಾ(ರ) ಎದ್ದು ಓಡಿಬಂದು ಕೈ ಹಿಡಿದರು. ಪ್ರವಾದಿವರ್ಯರ(ಸ) ಮುಖ ಸಂತೋಷದಿಂದ ಬೆಳಗುತ್ತಿತ್ತು. ಅವರ ಕುರಿತು ಸೂರಃ ಅತ್ತೌಬಾದಲ್ಲಿ ವಚನವೇ ಅವತೀರ್ಣವಾಯಿತು. ನೆಪ ಹೇಳಿ ಅಂದೇ ನಿರಾಳರಾಗಿ ಮನೆಗೆ ಹೋದವರಿಗೆ ಆ ಸಂತೋಷದಲ್ಲಿ ಪಾಲಿರಲಿಲ್ಲ.

ಇಲ್ಲಿ ಹೆತ್ತವರಿಗೂ ಒಂದು ಪ್ರಶ್ನೆಯಿದೆ. ಕಅಬ್(ರ) ಸತ್ಯ ಹೇಳಲು ಸಾಧ್ಯವಾದದ್ದು ಎದುರಿಗೆ ಕುಳಿತವರು ಯಾರೆಂಬ ಭರವಸೆಯಿಂದಲೂ ಹೌದು. ನಮ್ಮ ಎದುರು ಮಗ ಕುಳಿತಾಗ ಆತನಿಗೆ ಅಂತಹ ಭರವಸೆಯ ಒಂದಂಶವಾದರೂ ಸಿಗುತ್ತದೆಯೇ? ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಮೊಬೈಲಿನಲ್ಲಿ ರಾತ್ರಿ ಕಳೆದು ಅನುತ್ತೀರ್ಣನಾದವನಿಗೆ ಕಠಿಣ ಮಾತು ಬೇಕೇ ಬೇಕು. ಆದರೆ ಆ ಮಾತು ತಪ್ಪಿಗೆ ತಾಗಬೇಕು, ಸತ್ಯ ಹೇಳಿದ್ದಕ್ಕೆ ತಾಗಬಾರದು.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮ. ಮಗನಿಗೆ ಒಂದು ವಿಷಯ ಬಾಕಿಯಾದರೆ 'ಮುಂದಿನ ಸಲ ನೋಡೋಣ' ಎನ್ನುವ ಮನೆಯೇ ಮಗಳಿಗೆ ಬಾಕಿಯಾದರೆ 'ಇನ್ನು ಓದು ಸಾಕು' ಎನ್ನುವುದನ್ನು ನಾವು ಕಂಡಿದ್ದೇವೆ. ಅದೇ ವಾರ ಒಂದು ಸಂಬಂಧದ ಪ್ರಸ್ತಾಪವೂ ಬಂದಿರುತ್ತದೆ. ಮಗಳು ಪ್ರತಿ ಪರೀಕ್ಷೆಯನ್ನೂ ತನ್ನ ಓದಿನ ಕೊನೆಯ ಪರೀಕ್ಷೆಯೆಂಬ ಭಯದಲ್ಲಿ ಬರೆಯುತ್ತಾಳೆ. ಒಂದೇ ಸೋಲಿಗೆ ಎರಡು ತೂಕಗಳನ್ನಿಟ್ಟು ತೂಗುವುದು ನ್ಯಾಯವಲ್ಲ. ಅಳತೆಯಲ್ಲಿ ವಂಚನೆ ಮಾಡುವವರ ಬಗ್ಗೆ ಕುರ್‌ಆನ್ ನೀಡಿದ ಎಚ್ಚರಿಕೆಯನ್ನು ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತಗೊಳಿಸುವುದು ನಮಗೆ ಅನುಕೂಲ, ಅಷ್ಟೆ.

ಇದೇ ಎರಡು ವರ್ಷಗಳಲ್ಲಿ ಮಕ್ಕಳೊಳಗೆ ಒಳಿತೂ ಬೆಳೆಯುತ್ತದೆ. ಮನೆಯಲ್ಲಿದ್ದಾಗ ಫಜ್ರ್‌ಗೆ ತಾಯಿ ಎಬ್ಬಿಸುತ್ತಿದ್ದಳು. ಹಾಸ್ಟೆಲ್‌ನಲ್ಲಿ ಎಬ್ಬಿಸುವವರಿಲ್ಲ. ಮೊದಲ ತಿಂಗಳು ತಪ್ಪುತ್ತದೆ, ಎರಡನೇ ತಿಂಗಳೂ ತಪ್ಪುತ್ತದೆ. ಒಂದು ದಿನ ತಾನಾಗಿಯೇ ಎದ್ದು, ಕೋಣೆಯ ಇತರರಿಗೆ ತೊಂದರೆಯಾಗದಂತೆ ದೀಪ ಹಾಕದೆ ವುಝೂ ಮಾಡಿ ನಿಲ್ಲುತ್ತಾನೆ. ಆ ನಮಾಝ್ ಆತನದೇ. ಶುಕ್ರವಾರ ಮಧ್ಯಾಹ್ನದ ಲ್ಯಾಬ್‌ಗೆ ಹತ್ತು ನಿಮಿಷ ತಡವಾಗುತ್ತದೆ, ಜುಮಾಕ್ಕೆ ಹೋಗಬೇಕು ಎಂದು ಉಪನ್ಯಾಸಕರ ಬಳಿ ಸಭ್ಯವಾಗಿ ಕೇಳಲು ಕಲಿಯುತ್ತಾನೆ. ಎಷ್ಟೋ ಉಪನ್ಯಾಸಕರು ಗೌರವದಿಂದಲೇ ಒಪ್ಪುತ್ತಾರೆ. ಹೀಗೆ ಕೇಳಲು ಕಲಿತವನು ಗಣಿತದಲ್ಲಿ ತಿಳಿಯದ್ದನ್ನೂ ಕೇಳಬಲ್ಲ. ಇವೆರಡೂ ಬೇರೆ ಬೇರೆ ಧೈರ್ಯಗಳಲ್ಲ.

ಜಮಾಅತ್‌ಗಳು ಮಾಡಬಹುದಾದದ್ದೂ ಇದೆ. ಬೀಜಗಣಿತದ ಅಲ್ ಖ್ವಾರಿಝ್ಮಿ ನಮ್ಮವರೆಂದು ವೇದಿಕೆಯಲ್ಲಿ ಹೆಮ್ಮೆಪಡುತ್ತೇವೆ, ಆದರೆ ಗಣಿತದಲ್ಲಿ ಸೋತ ನಮ್ಮದೇ ಬೀದಿಯ ಹುಡುಗನಿಗೆ ಕೂರಲು ಒಂದು ಜಾಗ ಕೊಟ್ಟಿಲ್ಲ. ಮದ್ರಸದ ಕೋಣೆ ಸಂಜೆಯ ಬಳಿಕ ಖಾಲಿಯಿರುತ್ತದೆ. ರಜೆಗೆ ಬಂದ ಮೂರನೇ, ನಾಲ್ಕನೇ ವರ್ಷದ ವಿದ್ಯಾರ್ಥಿಗಳು ಅಲ್ಲಿ ಕಿರಿಯರಿಗೆ ವಾರಕ್ಕೆರಡು ದಿನ ಪಾಠ ಹೇಳಿಕೊಡಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ವರ್ಷಗಳಲ್ಲಿ 100 ಎಐಸಿಟಿಇ ಚಟುವಟಿಕೆ ಅಂಕಗಳನ್ನು ಸಮಾಜಸೇವೆಯಿಂದ ಗಳಿಸಬೇಕಾಗಿದೆ. ಸ್ಥಳೀಯ ಶಾಲೆಗಳ ಫಲಿತಾಂಶ ಸುಧಾರಿಸಲು ನೆರವಾಗುವುದೂ ಆ ಪಟ್ಟಿಯಲ್ಲಿದೆ. ಊರಿನ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಜಮಾಅತ್‌ನ ಹಿರಿಯರು ಒಮ್ಮೆ ಮಾತನಾಡಿದರೆ ಎಲ್ಲ ಧರ್ಮದ ಮಕ್ಕಳಿಗೂ ಇದರ ಪ್ರಯೋಜನ ಸಿಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಪ್ರತಿಭಾ ಪುರಸ್ಕಾರದಲ್ಲಿ, ಎರಡು ಬಾರಿ ಸೋತು ಮೂರನೇ ಬಾರಿ ಉತ್ತೀರ್ಣನಾದವನನ್ನೂ ಕರೆದು ಒಂದು ಶಾಲು ಹೊದಿಸಿದರೆ ಏನು ಕಳೆದುಹೋಗುತ್ತದೆ?

ನಾವು ಆರಂಭದಲ್ಲಿ ಹೇಳಿದ ಮನೆಯಲ್ಲಿ ಕೆಲವು ವಾರ ಯಾರೂ ಸರಿಯಾಗಿ ಮಾತನಾಡಲಿಲ್ಲ. ಬಳಿಕ ಒಂದು ಭಾನುವಾರ ತಾಯಿಯೇ ಬಸ್ಸು ಹತ್ತಿ ಹಾಸ್ಟೆಲ್‌ಗೆ ಹೋದರು. ಎಂ-1 ಎಂದರೇನೆಂದು ಮಗನಿಂದಲೇ ಕೇಳಿ ತಿಳಿದುಕೊಂಡರು, ಅಂಕಪಟ್ಟಿಯನ್ನು ಆತನೊಂದಿಗೆ ಕುಳಿತು ನೋಡಿದರು, ಅಸ್ರ್‌ನ ಬಳಿಕ ಮರಳಿದರು. ಆತ ಈಗ ಐದನೇ ಸೆಮಿಸ್ಟರ್‌ನಲ್ಲಿದ್ದಾನೆ. ಒಂದು ವಿಷಯ ಇನ್ನೂ ಬಾಕಿಯಿದೆ. ತಾಯಿಗೆ ಗೊತ್ತಿದೆ.